ಅತ್ತೆಯ ಊರಿಗೆ ನೇರ ಬಸ್ಸಿರಲಿಲ್ಲ

ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮ ಸುಂಕದಕಟ್ಟೆಗೆ ಸಿಟಿ ಬಸ್ ಬರುತ್ತಿರಲಿಲ್ಲ. ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲೇ ತಿರುಗಿ ಹೋಗುತ್ತಿತ್ತು. ಮಾಗಡಿಯಿಂದ ಬರುವ ಬಸ್ಸುಗಳಲ್ಲಿ ಜನ ಬಾಗಿಲಿಗೆ ಜೋತು ಬಿದ್ದಿರುತ್ತಿದ್ದರು. ಕೈ ಅಡ್ಡ ಹಾಕಿದರೂ ನಿಲ್ಲಿಸುತ್ತಿರಲಿಲ್ಲ.

ಅಪ್ಪನ ತಂಗಿ, ನನ್ನ ಅತ್ತೆ, ನಮ್ಮ ಜೊತೆಗೇ ಇದ್ದಳು. ನನಗೆ ಜಡೆ ಹಾಕುವವಳು, ಪಕ್ಕದಲ್ಲಿ ಮಲಗಿಸಿಕೊಂಡು ಕತೆ ಹೇಳುವವಳು ಅವಳೇ. ಅವಳಿಗೆ ಕ್ಷಯ ಬಂತು. ಹಾಸಿಗೆ ಬೇರೆ ಮಾಡಿದರು. ಮತ್ತೆ ಮತ್ತೆ ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಿತ್ತು. ಟೋಲ್‌ಗೇಟಿಗೆ ನಡೆಯುವಷ್ಟರಲ್ಲಿ ಅವಳಿಗೆ ಏದುಸಿರು. ಒಂದು ದಿನ ರಸ್ತೆ ಬದಿಯಲ್ಲೇ ಕುಳಿತುಬಿಟ್ಟಳು.

“ನನ್ ಕೈಲಾಗಲ್ಲ ಅತ್ತಿಗೆ. ಇನ್ಮೇಲೆ ಬರಲ್ಲ,” ಎಂದಳು ಅಮ್ಮನಿಗೆ.

ಅಮ್ಮ ಬೀದಿಯ ಹೆಂಗಸರನ್ನು ಕರೆದುಕೊಂಡು ಬಸ್ ಆಫೀಸಿಗೆ ಹೋದಳು. ನಾನೂ ಸೆರಗು ಹಿಡಿದು ಹೋದೆ.

“ಅಲ್ಲಿ ಜನ ಎಲ್ಲಿದಾರಮ್ಮ? ಖಾಲಿ ಬಸ್ ಓಡ್ಸೋಕಾಗುತ್ತಾ?” ಎಂದರು ಅಧಿಕಾರಿ.

“ಇದಾರೆ ಸಾರ್. ನಡೆಯೋಕಾಗ್ದೆ ಮನೇಲಿ ಮಲಗಿದಾರೆ. ನೀವು ನೋಡಿಲ್ಲ ಅಷ್ಟೆ,” ಎಂದಳು ಅಮ್ಮ.

ಅವರು ಪೆನ್ನಿನ ಮುಚ್ಚಳ ತೆಗೆದು ಊರಿನ ಹೆಸರು ಬರೆದುಕೊಂಡರು. ಸುಗ್ಗಿ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಊರಿಗೆ ಬರತೊಡಗಿದವು. ಅತ್ತೆ ಮೊದಮೊದಲು ಅಮ್ಮನ ಭುಜಕ್ಕೆ ಒರಗಿ ಹೋಗುತ್ತಿದ್ದಳು, ಆಮೇಲೆ ಒಬ್ಬಳೇ. ಗುಣವಾದಳು. ಅದೇ ಬಸ್ಸಿನಲ್ಲಿ ರಾಜಾಜಿನಗರದ ಬಟ್ಟೆ ಹೊಲಿಯುವ ಕಾರ್ಖಾನೆಗೆ ಕೆಲಸಕ್ಕೂ ಹೋದಳು. ಹೊರಡುವ ಮುಂಚೆ ನನಗೆ ಜಡೆ ಹಾಕಿಯೇ ಹೋಗುತ್ತಿದ್ದಳು. ನನ್ನ ಪಾಲಿಗೆ ಅಷ್ಟು ಚೆಂದದ ಬೆಳಗುಗಳು ಮತ್ತೆ ಬರಲಿಲ್ಲ.

ಆಮೇಲೆ ಮದುವೆಯಾಗಿ ಕೆಂಗೇರಿಗೆ ಹೋದಳು. ಕೆಂಗೇರಿಯೇನೂ ದೂರವಲ್ಲ, ನಾಗರಭಾವಿಯ ರಾಗಿ ಹೊಲಗಳ ಆಚೆ. ಆದರೆ ಆ ಕಡೆಗೆ ಬಸ್ಸೇ ಇಲ್ಲ. ಎಲ್ಲ ಬಸ್ಸೂ ಪೇಟೆಗೇ. ಮೆಜೆಸ್ಟಿಕ್ಕಿಗೆ ಹೋಗಿ, ಇನ್ನೊಂದು ಬಸ್ ಹಿಡಿದು, ಮೈಸೂರು ರಸ್ತೆಯಲ್ಲಿ ಮತ್ತೆ ಅಷ್ಟೇ ದೂರ ಹೋಗಬೇಕು. ವಾರಕ್ಕೊಮ್ಮೆ ಬರುತ್ತೇನೆಂದವಳು ತಿಂಗಳಿಗೊಮ್ಮೆ ಬಂದಳು, ಆಮೇಲೆ ಹಬ್ಬಕ್ಕೆ ಮಾತ್ರ.

ಅವಳಿಗೆ ಮಗುವಾದಾಗ ನೋಡಲು ಹೋದೆವು. ಕೂಸನ್ನು ಎತ್ತಿಕೊಂಡು ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದಳು. ಹೊಲಗಳ ಕಡೆ ಕೈ ತೋರಿಸಿದಳು.

“ಅಲ್ಲೇ ಕಣೇ ನಮ್ಮನೆ. ನೆಟ್ಟಗೆ ಹೋದ್ರೆ ಸಿಕ್ಬಿಡುತ್ತೆ. ದಿನಾ ಸಂಜೆ ಇಲ್ಲಿ ಬಂದು ನಿಂತ್ಕೋತೀನಿ.”

“ನಡ್ಕೊಂಡೇ ಬಂದ್ಬಿಡ್ಲಾ ಅತ್ತೆ?”

“ದಾರಿ ಇಲ್ಲ ಕಣೇ,” ಎಂದು ನನ್ನ ತಲೆ ಸವರಿದಳು.

ಅಷ್ಟರಲ್ಲಿ ಅಮ್ಮ ಕರೆದಳು, ಬಸ್ಸಿಗೆ ಹೊತ್ತಾಗಿತ್ತು. ಪೇಟೆ ತಲುಪುವವರೆಗೂ ನಾನು ಹೊಲದ ಕಡೆಗೇ ಮುಖ ಮಾಡಿ ಕುಳಿತಿದ್ದೆ.