ಅರ್ಧಕ್ಕೆ ನಿಂತ ಬಿರುಕು

ಕೂತಲ್ಲಿ ಕೂತಿರುವುದು ಪಂಕಜಾಗೆ ಚಿಕ್ಕಂದಿನಿಂದಲೂ ಆಗದ ಮಾತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಯಶವಂತಪುರದ ಪಿಂಗಾಣಿ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗಕ್ಕೆ ಸೇರಿದ ಮೇಲೂ ಆ ಗುಣ ಬಿಡಲಿಲ್ಲ. ಭಟ್ಟಿಯಿಂದ ಬಂದ ಬಿಲ್ಲೆಗಳನ್ನು ಭಾರ ಹೇರುವ ಪ್ರೆಸ್ಸಿಗೆ ಕೊಟ್ಟು, ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ನೋಡುವುದು ಅವಳ ಕೆಲಸ. ಭಾರ ತೋರಿಸುವ ಮುಳ್ಳು ಏರುವಷ್ಟು ಹೊತ್ತೂ ಅವಳು ಕೋಣೆಯ ತುಂಬ ಓಡಾಡುತ್ತಿದ್ದಳು. ಪ್ರೆಸ್ ನಡೆಸುತ್ತಿದ್ದ ಮನ್ಸೂರ್ ಮಾತ್ರ ಗೋಡೆಯ ಹಾಗೆ ಅಲುಗಾಡದೆ ನಿಂತಿರುತ್ತಿದ್ದ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಒಂದು ದಿನ, ಪಂಪಿಗೆ ಹಾಕುವ ಹೊಸ ಬಗೆಯ ಬಿಲ್ಲೆ ಪ್ರೆಸ್ಸಿನಲ್ಲಿತ್ತು. ಉಕ್ಕನ್ನೂ ಗೀರುವಷ್ಟು ಗಟ್ಟಿ. ಮುಳ್ಳು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಬಿಲ್ಲೆ ಸಿಡಿಯಿತು. ಪ್ರೆಸ್ಸಿಗೆ ಅಡ್ಡ ಕಟ್ಟಿದ್ದ ತಂತಿಜಾಲರಿಯ ಸಂದಿಯಿಂದ ಹಾರಿದ ಚೂರೊಂದು ಮನ್ಸೂರನ ಎಡಗಣ್ಣಿಗೆ ಹೊಕ್ಕಿತು. ಆ ಕಣ್ಣಿನ ದೃಷ್ಟಿ ಮತ್ತೆ ಬರಲಿಲ್ಲ.

ಪಂಕಜಾ ಅವನನ್ನು ನೋಡಲು ಆಸ್ಪತ್ರೆಗೆ ಹೋದಳು. ಅವನೇ ಹೇಳಿದ: "ನಿಮ್ದೇನೂ ತಪ್ಪಿಲ್ಲ ಮೇಡಂ, ನನ್ದೂ ಇಲ್ಲ. ಆದ್ರೆ ಅದು ಒಡೆಯೋ ಮುಂಚೆ ಒಂದ್ ಸದ್ದೂ ಮಾಡ್ಲಿಲ್ಲ ನೋಡಿ."

ಆ ಮಾತು ಅವಳನ್ನು ಹಿಡಿದುಕೊಂಡಿತು. ಮರ ಮುರಿಯುವ ಮುಂಚೆ ಲಟಲಟ ಎನ್ನುತ್ತದೆ, ಕಬ್ಬಿಣ ಬಾಗುತ್ತದೆ. ಇಷ್ಟು ಗಟ್ಟಿಯಾದದ್ದು ಮಾತ್ರ ಹೀಗೇಕೆ, ಒಂದು ಗೆರೆ ಹುಟ್ಟಿದ್ದೇ ತಡ ಆಚೆ ಕೊನೆಯವರೆಗೆ ಸೀಳಿಕೊಂಡು ಹೋಗುತ್ತದೆ? ಬಸ್ಸಿನಲ್ಲಿ ಕೂತು ಸ್ಟಾಪು ತಪ್ಪಿಸಿಕೊಂಡಳು. ಒಲೆಯ ಮೇಲೆ ಹಾಲಿಟ್ಟು ಮರೆತಳು. ಗಂಡ ಸೇತುರಾಮ ಕೆಲಸ ಬಿಟ್ಟುಬಿಡು ಎಂದ. ಬಿಟ್ಟರೆ ಪ್ರಶ್ನೆಯೂ ಬಿಡುತ್ತದೆಯೇ ಎಂದು ಕೇಳಿದಳು.

ಆ ಶ್ರಾವಣದಲ್ಲಿ ಮನೆಯಲ್ಲಿ ಇನ್ನೊಂದು ಘಟನೆಯಾಯಿತು. ದೇವರ ಮನೆ ತೊಳೆಯುತ್ತಿದ್ದ ಅತ್ತೆ ಗೋದಮ್ಮನವರ ಒದ್ದೆ ಕೈಯಿಂದ ಶಂಖ ಜಾರಿ ಗಾರೆ ನೆಲಕ್ಕೆ ಬಿತ್ತು. ಮಾವನವರು ಬದುಕಿದ್ದಷ್ಟು ದಿನ ಬೆಳಿಗ್ಗೆ ಊದುತ್ತಿದ್ದ ಶಂಖ ಅದು. ಸದ್ದು ಕೇಳಿ ಓಡಿಬಂದ ಪಂಕಜಾ ಚೂರುಗಳನ್ನು ಹುಡುಕಿದಳು. ಚೂರೇ ಇರಲಿಲ್ಲ. ಶಂಖದ ಬಾಯಂಚಿನಿಂದ ಹೊರಟ ಬಿರುಕು ಎರಡು ಬೆರಳಗಲ ನೆಟ್ಟಗೆ ಹೋಗಿ, ಸೊಟ್ಟಗೆ ತಿರುಗಿ, ಕವಲೊಡೆದು, ಅಲ್ಲೇ ನಿಂತುಬಿಟ್ಟಿತ್ತು.

ಅವಳು ಅದನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಸವರಿದಳು. ಶಂಖವೆಂದರೆ ಹೆಚ್ಚುಕಡಿಮೆ ಸೀಮೆಸುಣ್ಣದ್ದೇ ವಸ್ತು. ಸೀಮೆಸುಣ್ಣ ಬೆರಳ ಸಂದಿಯಲ್ಲೇ ಮುರಿಯುತ್ತದೆ. ಇದು ಹೇಗೆ ತಡೆಯಿತು? ಒಳಗೆ ನೋಡಬೇಕಾದರೆ ಕುಯ್ಯಬೇಕು.

ಕುಯ್ಯಲು ಕೊಡಿ ಎಂದು ಕೇಳಿದ್ದಕ್ಕೆ ಗೋದಮ್ಮ ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಬಿರುಕು ಬಿಟ್ಟ ಶಂಖ ಪೂಜೆಗೆ ಬಾರದು, ನೀರಿಗೆ ಬಿಡಬೇಕು. ಭಾನುವಾರ ಅತ್ತೆ ಸೊಸೆ ಹೆಬ್ಬಾಳದ ಕೆರೆಗೆ ಹೋದರು. ಗೋದಮ್ಮ ಕಲ್ಲಿನ ಮೇಲೆ ಕೂತು, ಶಂಖವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೀರನ್ನೇ ನೋಡಿದರು. ಪಂಕಜಾ ದಂಡೆಯ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ಇದ್ದಳು.

"ನಿಂತ್ಕೊಳೇ ಒಂದ್ ನಿಮಿಷ," ಎಂದರು ಗೋದಮ್ಮ. "ಇದ್ರೊಳಗೆ ಏನಿದೆ ಅಂತ ನಿನಗೆ ಈ ಪಾಡು?"

"ಗೊತ್ತಿಲ್ಲಮ್ಮ. ಗೊತ್ತಾದ್ರೆ, ಮನ್ಸೂರ್‌ಗೆ ಆದ ಹಾಗೆ ಇನ್ನೊಬ್ರಿಗೆ ಆಗದೆ ಇರಬಹುದು. ಆಗಲೂಬಹುದು. ಅದೂ ಗೊತ್ತಿಲ್ಲ."

ಗೋದಮ್ಮ ಶಂಖವನ್ನು ನೀರಲ್ಲಿ ಅದ್ದಿ ತೆಗೆದು, ಸೆರಗಿನಲ್ಲಿ ಒರೆಸಿ ಸೊಸೆಯ ಕೈಗಿಟ್ಟರು. "ಬಿಟ್ಟ ಶಾಸ್ತ್ರ ಆಯ್ತು. ತಗೊಂಡ್ಹೋಗು. ಕುಯ್ದದ್ದನ್ನ ಮಾತ್ರ ನನಗೆ ತೋರಿಸ್ಬೇಡ."

ಪಂಕಜಾ ಶಂಖಕ್ಕೆ ಗರಗಸವಿಟ್ಟಳು. ಕುಯ್ದ ತುಂಡನ್ನು ನಯವಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡದ್ದು ಒಂದೇ ಕಲ್ಲಲ್ಲ. ಕೂದಲಿಗಿಂತ ತೆಳುವಾದ ಪಟ್ಟಿಗಳು ಸಾಲುಸಾಲಾಗಿ ಕೂತಿದ್ದವು. ಒಂದು ಪದರದವು ಒಂದು ದಿಕ್ಕಿಗೆ, ಅದರ ಕೆಳಗಿನವು ಅಡ್ಡಕ್ಕೆ, ಪ್ಲೈವುಡ್ಡಿನ ಹಾಗೆ. ಪಟ್ಟಿ ಪಟ್ಟಿಯ ನಡುವೆ ಶಂಖದೊಳಗಿದ್ದ ಜೀವಿಯೇ ಸುರಿಸಿದ ಅಂಟಿನ ಎಳೆ. ಬಿರುಕು ಮೊದಲ ಪದರವನ್ನು ಸೀಳಿತ್ತು. ಎರಡನೆಯದಕ್ಕೆ ಬಂದಾಗ ಎದುರಿಗೆ ಅಡ್ಡ ಪಟ್ಟಿಗಳು. ಅಲ್ಲಿ ಅದು ಅಂಟಿನ ದಾರಿ ಹಿಡಿದು ಹೊರಳಿತ್ತು, ನೂರಾರು ಸಣ್ಣ ಗೀರುಗಳಾಗಿ ಚದುರಿತ್ತು, ಅಷ್ಟರಲ್ಲಿ ಪೆಟ್ಟಿನ ಕಸುವೆಲ್ಲ ಮುಗಿದಿತ್ತು. ಆಮೇಲೆ ಅವಳು ಮುತ್ತಿನ ಚಿಪ್ಪುಗಳನ್ನೂ ತರಿಸಿ ನೋಡಿದಳು. ಅಲ್ಲಿ ಪಟ್ಟಿಗಳ ಬದಲು ಪುಟ್ಟ ಹಲಗೆಗಳು, ಗೋಡೆಯ ಇಟ್ಟಿಗೆಗಳಂತೆ ಒಂದರ ಸಂದಿಯ ಮೇಲೆ ಇನ್ನೊಂದು. ಶಕ್ತಿ ಇದ್ದದ್ದು ಸುಣ್ಣದಲ್ಲಲ್ಲ, ಜೋಡಣೆಯಲ್ಲಿ. ಬಿರುಕು ಹುಟ್ಟದಂತೆ ಮಾಡುವುದಕ್ಕಿಂತ ಅದು ಓಡದಂತೆ ಮಾಡುವುದೇ ಆ ಪ್ರಾಣಿಯ ಉಪಾಯವಾಗಿತ್ತು.

ತಿಳಿದ ಮೇಲೆ ನೆಮ್ಮದಿಯಾಗಬೇಕಿತ್ತು. ಚಡಪಡಿಕೆ ಹೆಚ್ಚಾಯಿತು. ಪಿಂಗಾಣಿಯ ಜೇಡಿಯನ್ನು ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ, ನಡುನಡುವೆ ಬೇರೊಂದು ಮೆದು ಪುಡಿ ಬಳಿದು, ಒಂದರ ಮೇಲೊಂದು ಪೇರಿಸಿ ಸುಡತೊಡಗಿದಳು. ಕೆಲವು ಸೊಟ್ಟಗಾದವು, ಕೆಲವು ಹಾಳೆಗಳಂತೆ ಬಿಟ್ಟುಕೊಂಡವು. ಮನ್ಸೂರ್ ಕೆಲಸಕ್ಕೆ ಮರಳಿ, ದಪ್ಪ ಕನ್ನಡಕ ಹಾಕಿಕೊಂಡು ಮತ್ತೆ ಪ್ರೆಸ್ಸಿನ ಮುಂದೆಯೇ ನಿಂತ. ಬೇಡವೆಂದರೂ ಕೇಳಲಿಲ್ಲ.

ಎಂಬತ್ತಮೂರರಲ್ಲಿ ಒಂದು ಬಿಲ್ಲೆ ಸಿಡಿಯಲಿಲ್ಲ. ಭಾರ ಏರುತ್ತಿದ್ದ ಹಾಗೆ ಒಳಗಿನಿಂದ ಹುರಿಗಾಳು ಸಿಡಿದಂತೆ ಚಿಟಚಿಟ ಕೇಳಿಸಿತು. ಮನ್ಸೂರ್ ಕೈ ಎತ್ತಿ ಯಂತ್ರ ನಿಲ್ಲಿಸಿದ. ಬಿಲ್ಲೆಯ ಮೈಯಲ್ಲಿ ಬಿರುಕಿತ್ತು, ಪದರದಿಂದ ಪದರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಡುವಲ್ಲಿ ತಂಗಿತ್ತು. ಬಿಲ್ಲೆ ಮಾತ್ರ ಇನ್ನೂ ಒಂದಾಗಿಯೇ ಇತ್ತು. ಪಂಕಜಾ ಮೊದಲ ಸಲ ಸ್ಟೂಲಿನ ಮೇಲೆ ಕೂತಳು. ಐದು ನಿಮಿಷವೂ ಆಗಿರಲಿಲ್ಲ, ಮತ್ತೆ ಎದ್ದಳು.

ಮುಖ್ಯ ಎಂಜಿನಿಯರ್ ಬದರೀನಾಥ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮನಸಾರೆ ಮೆಚ್ಚಿಕೊಂಡರು. ಆದರೆ ಒಂದು ಬಿಲ್ಲೆ ಕಟ್ಟಲು ವಾರ ಹಿಡಿದರೆ ಕಾರ್ಖಾನೆ ನಡೆಯುವುದು ಹೇಗೆ ಎಂದು ಕೇಳಿದರು. ಆ ಪ್ರಶ್ನೆಯೂ ಸರಿಯಾದದ್ದೇ. ಬೇಗ ಕಟ್ಟುವ ದಾರಿ ಹುಡುಕುತ್ತ ಪಂಕಜಾ ಮೂರು ವರ್ಷ ಅಲ್ಲೇ ಗುದ್ದಾಡಿ, ಕೊನೆಗೆ ರಾಜೀನಾಮೆ ಕೊಟ್ಟಳು. ಮನ್ಸೂರನೂ ಬರುತ್ತೇನೆಂದ. ಇಬ್ಬರೂ ಬಾಗಲಗುಂಟೆಯಲ್ಲಿ ಪಿಳ್ಳಪ್ಪ ಎಂಬ ರೈತರ ಶೆಡ್ಡು ಬಾಡಿಗೆಗೆ ಹಿಡಿದು ಸಣ್ಣ ಭಟ್ಟಿ ಕಟ್ಟಿದರು.

ಅಲ್ಲಿ ಮೊದಲ ಸಲ ಸುಟ್ಟಿದ್ದೆಲ್ಲ ಹಾಳಾಯಿತು. ಪಿಳ್ಳಪ್ಪ ಬಾಗಿಲಲ್ಲಿ ನಿಂತು, "ಇಂಗೇ ಆದ್ರೆ ಎಂಗಮ್ಮ?" ಎಂದು ಕೇಳಿದರು. ಪಂಕಜಾ ಆಗಲೇ ಸೆರಗು ಸಿಕ್ಕಿಸಿಕೊಂಡು ಹೊಸ ಜೇಡಿಗೆ ನೀರು ಹೊಯ್ಯುತ್ತಿದ್ದಳು.