ಬಲ್ಬಿನಡಿ ಕೆಂಪು, ಬಿಸಿಲಲ್ಲಿ ಹಸಿರು

ದುಬೈನ ಊದ್ ಮೇಥಾದ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮುರುಗೆಪ್ಪ ಮಾಸ್ತರರು ಏಳು ವರ್ಷ ಅಲೆಕ್ಸಾಂಡ್ರೈಟ್ ಎಂಬ ಒಂದೇ ಹರಳಿನ ಬೆನ್ನು ಹತ್ತಿದ್ದರು. ಅದರೊಳಗಿನ ಕ್ರೋಮಿಯಂ ಅಯಾನುಗಳು ಹಳದಿ ಬೆಳಕನ್ನು ನುಂಗಿ ಕೆಂಪನ್ನೂ ಹಸಿರನ್ನೂ ಬಿಟ್ಟುಕೊಡುತ್ತವೆ. ಬಲ್ಬಿನ ಬೆಳಕಲ್ಲಿ ಕೆಂಪಿನ ಪಾಲು ಹೆಚ್ಚು, ಬಿಸಿಲಲ್ಲಿ ಹಸಿರಿನ ಪಾಲು ಹೆಚ್ಚು; ಹಾಗಾಗಿ ಹರಳು ಬಲ್ಬಿನಡಿ ಕೆಂಪು, ಬಿಸಿಲಲ್ಲಿ ಹಸಿರು. ಇದೆಲ್ಲವನ್ನೂ ಬರೀ ಕಾಗದದ ಮೇಲೆ ಸಾಧಿಸಿ, ೧೯೯೮ರ ಬೇಸಿಗೆ ರಜೆಯಲ್ಲಿ ಪಿಎಚ್‌ಡಿಯ ಮೌಖಿಕ ಪರೀಕ್ಷೆಗೆಂದು ಧಾರವಾಡಕ್ಕೆ ಹೊರಟಿದ್ದರು. ಸೂಟ್‌ಕೇಸ್ ತುಂಬುತ್ತಿದ್ದ ಹೆಂಡತಿ ನೀಲಾಂಬಿಕಾ ಸುಮ್ಮನೆ ಕೇಳಿದರು: “ಏನ್ರೀ, ಆ ಹರಳು ಒಮ್ಮೆರ ಕಣ್ಣಿಲೆ ನೋಡೀರೇನು?”

ನೋಡಿರಲಿಲ್ಲ. ಪರೀಕ್ಷಕರೂ ಇದನ್ನೇ ಕೇಳಿದರೆ? ಹೋಗಲಿ, ಹರಳೇ ತಮ್ಮ ಮಾತು ಕೇಳದಿದ್ದರೆ?

ಮರುದಿನ, ತಾವಿದ್ದ ಕರಾಮ ಬಡಾವಣೆಯ ನೆರೆಮನೆಯ ಅನ್ಸಾರ್ ಕೆಲಸಕ್ಕಿದ್ದ ಹರಳಿನ ಅಂಗಡಿಗೆ ಹೋಗಿ ನಿಂತರು. ಅನ್ಸಾರ್ ಒಂದು ಹರಳನ್ನು ಬಲ್ಬಿನಡಿ ಇಟ್ಟ. ಕೆಂಪು. ಮಾಸ್ತರರು ಅದನ್ನು ಮುಷ್ಟಿಯಲ್ಲಿ ಹಿಡಿದರು, ಇಬ್ಬರೂ ಬಿಸಿಲಿಗೆ ಬಂದರು. ಆದರೆ ಮುಷ್ಟಿ ಬಿಚ್ಚಲು ಬೆರಳು ಒಪ್ಪಲಿಲ್ಲ.

“ಯಲ್ಲಾ, ಬೇಗ ಸಾರ್, ಧಣಿ ನೋಡ್ತಾ ಇದ್ದಾರೆ. ಮುಷ್ಟಿ ಬಿಡಿಸಿ.”

ಬಿಡಿಸಿದರು. ಹಸಿರು. ಒಳಗೋಡಿದರು, ಕೆಂಪು. ಮತ್ತೆ ಹೊರಗೆ, ಹಸಿರು. ನಾಲ್ಕನೆಯ ಸಲ ಹೊರಬಂದಾಗ ಕಣ್ಣೊರೆಸಿಕೊಳ್ಳುತ್ತಲೇ, ಹೀಗೆ ಯಾಕಾಗುತ್ತದೆ ಎಂದು ವಿವರಿಸಲು ಶುರು ಮಾಡಿದರು.

ಅನ್ಸಾರ್ ಮೆಲ್ಲಗೆ ಹರಳನ್ನು ವಾಪಸು ತೆಗೆದುಕೊಂಡ. “ಯಾಕೆ ಆಗ್ತದೆ ಅಂತ ನಿಮಗೆ ಗೊತ್ತುಂಟು ಸಾರ್. ಆಗ್ತದಾ ಇಲ್ವಾ ಅಂತ ಮಾತ್ರ ಗೊತ್ತಿರ್ಲಿಲ್ಲ, ಅಲ್ವಾ?”