‘ಗೇರುಬೀಜ’ ಎಂಬ ಐಡಿಯ ಒಡತಿ

ಕೆದಂಬಾಡಿಯ ಸೇವಂತಿಯನ್ನು ಕೆಣಕಬಾರದು. ಇದನ್ನು ಅವಳ ಗಂಡ ಬೋಜಪ್ಪ ಮದುವೆಯಾದ ವರ್ಷವೇ ಕಲಿತುಕೊಂಡ. ಆಲಂಕಾರಿನ ಹರ್ಷಿತ್ ಮಾತ್ರ ಕಲಿಯಲಿಲ್ಲ. ಅವನ ಕಥೆ ಕೇಳಿ ‘ಛೆ, ಪಾಪ’ ಅನ್ನುವವರಿದ್ದಾರೆ. ಎಂತದ್ದು ಪಾಪ? ಹಾಗೆ ಅನ್ನುವವರು ಮೊದಲು ಪೂರ್ತಿ ಕೇಳಿ, ಆಮೇಲೆ ಬಾಯಿ ತೆರೆಯಿರಿ.

ಸೇವಂತಿ ಹುಟ್ಟಿದ್ದು ಸುಳ್ಯದ ಕಡೆ, ಅರೆಭಾಷೆ ಎಂಬ ಅಲ್ಲಿನ ಕನ್ನಡ ಆಡುವ ಗೌಡರ ಮನೆಯಲ್ಲಿ. ಮದುವೆಯಾಗಿ ಬಂದದ್ದು ತುಳು ಮಾತಾಡುವ ಮನೆಗೆ. ಮಗಳು ಮೋಕ್ಷಿತಾಳ ಬಾಯಿಗೂ ತುಳುವೇ ಬಂತು. ತವರಿನಲ್ಲಿ ತಾಯಿ ತೀರಿಕೊಂಡ ಮೇಲಂತೂ ಸೇವಂತಿಗೆ ತನ್ನ ಭಾಷೆಯಲ್ಲಿ ಜಗಳ ಆಡುವುದಕ್ಕೂ ಒಬ್ಬರು ಇರಲಿಲ್ಲ. ಕೆಲಸ ಪುತ್ತೂರಿನ ಗೇರುಬೀಜದ ಕಾರ್ಖಾನೆಯಲ್ಲಿ, ಬೀಜದ ಸಿಪ್ಪೆ ತೆಗೆಯುವುದು. ಲಾಕ್‌ಡೌನ್ ಬಂದು ಕಾರ್ಖಾನೆ ಮುಚ್ಚಿದಾಗ ಅವಳ ಬೆರಳುಗಳು ಸುಮ್ಮನೆ ಕೂರಲು ಒಪ್ಪಲಿಲ್ಲ. ಮಗಳ ಮೊಬೈಲಿನಲ್ಲಿ ಬಂದೂಕಿನ ಆಟವೊಂದಿತ್ತು. ನೂರಾರು ಜನ ಒಂದು ದ್ವೀಪಕ್ಕೆ ಹಾರಿ, ಕೊನೆಗೆ ಒಬ್ಬನೇ ಉಳಿಯುವ ತನಕ ಹೊಡೆದಾಡುವ ಆಟ. ಒಮ್ಮೆ ಹಿಡಿದಳು, ಮತ್ತೆ ಬಿಡಲಿಲ್ಲ. ತನ್ನದೇ ಮೊಬೈಲ್ ಕೊಂಡಳು, ಇಮೇಲ್ ತೆರೆದಳು, ಆಟದಲ್ಲಿ ಖಾತೆ, ಅಂದರೆ ಐಡಿ ಮಾಡಿದಳು. ಹೆಸರು ಏನಿಡುವುದು ಎಂದು ಆಟ ಕೇಳಿದಾಗ ಹಿಂದೆಮುಂದೆ ನೋಡದೆ ‘ಗೇರುಬೀಜ’ ಎಂದು ಬರೆದಳು.

ವರ್ಷಗಳು ಕಳೆದಂತೆ ಗೇರುಬೀಜ ಅಂದರೆ ಆಡುವವರು ಹೆದರುವಂತಾಯಿತು. ಈಗ ಯಾರಿಗೂ ಸಿಗದ ಹಳೆಯ ವೇಷಗಳು, ಬಂದೂಕುಗಳು, ಕುಣಿತಗಳು ಆ ಐಡಿಯಲ್ಲಿದ್ದವು. ಅದರ ಹಿಂದೆ ಇರುವುದು ನೈಟಿ ಹಾಕಿದ, ಒಲೆಯ ಮೇಲೆ ಗಂಜಿ ಇಟ್ಟು ಆಡುವ ಹೆಂಗಸು ಎಂದು ಯಾರಿಗೂ ಗೊತ್ತಿರಲಿಲ್ಲ.

ಮೋಕ್ಷಿತಾಳಿಗೆ ಮದುವೆ ನಿಶ್ಚಯವಾದಾಗ ತಕರಾರು ಶುರುವಾಯಿತು. “ಅಮ್ಮ, ಹುಡುಗನ ಮನೆಯವರಿಗೆ ಗೊತ್ತಾದ್ರೆ ಎಂತ ಹೇಳಿಯಾರು? ಮಾರಿಬಿಡಿ ಅದನ್ನು” ಎಂದಳು. ಸೇವಂತಿಗೆ ಮಾರಲು ಮನಸ್ಸಿರಲಿಲ್ಲ. ಆದರೂ ಮಗಳ ಮುಖ ನೋಡಿ ಹೂಂ ಅಂದಳು. ಯಾರಾದರೂ ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಕೊಡಬೇಕು ಎಂಬ ಒಂದೇ ಆಸೆ ಅವಳದು.

ಐಡಿ ಮಾರುವ ಕೊಳ್ಳುವ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಕೂಡಲೇ ಹರ್ಷಿತ್‌ನ ವಾಯ್ಸ್ ಮೆಸೇಜ್ ಬಂತು. ಅದೂ ಅರೆಭಾಷೆಯಲ್ಲಿ! “ಎಂತ ಹೆದ್ರಿಕೆ ಅಕ್ಕಾ, ನಾವು ನಮ್ಮವೇ ಅಲಾ.” ನಾವು ನಮ್ಮವರೇ ಅಲ್ಲವಾ ಎಂಬ ಆ ಮಾತನ್ನು ಸೇವಂತಿ ಮತ್ತೆ ಮತ್ತೆ ಕೇಳಿದಳು. ತವರಿನ ಅಂಗಳದಿಂದ ಯಾರೋ ಕೂಗಿದ ಹಾಗಾಯಿತು. ಉಳಿದವರನ್ನೆಲ್ಲ ಬಿಟ್ಟು ಅವನಿಗೇ ಕೊಡುತ್ತೇನೆ ಎಂದಳು. ಅವನು ಹಣ ಹಾಕಿದ ರಸೀದಿಯ ಫೋಟೋ ಕಳಿಸಿದ, ಇವಳು ಪಾಸ್‌ವರ್ಡ್ ಕೊಟ್ಟಳು. ಸಂಜೆಯಾದರೂ ಬ್ಯಾಂಕಿಗೆ ಹಣ ಬರಲಿಲ್ಲ. ಪಾಸ್‌ವರ್ಡ್ ಬದಲಾಗಿತ್ತು, ಅವಳ ಫೋನ್ ನಂಬರಿನ ಜಾಗದಲ್ಲಿ ಅವನದು ಕೂತಿತ್ತು, ಅಳುತ್ತ ಕಳಿಸಿದ ಒಂದು ವಾಯ್ಸ್ ಮೆಸೇಜ್ ಮುಟ್ಟಿದ ಮೇಲೆ ಅವನಿಗೆ ಬೇರಾವ ಮೆಸೇಜೂ ಹೋಗಲಿಲ್ಲ.

ಪುತ್ತೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಸುಹೈಬ್ ಅವಳಿಗೆ ಗುರುತು. ಎಲ್ಲ ಕೇಳಿ ಹಣೆ ಚಚ್ಚಿಕೊಂಡ.

“ಎಂತ ಸೇವಂತಿಯಕ್ಕ, ಫೋಟೋ ನೋಡಿ ಹಣ ಬಂತು ಅಂತ ನಂಬುದಾ? ಅಂಥ ಫೋಟೋ ಮಕ್ಕಳೂ ಮಾಡ್ತಾರೆ. ಬ್ಯಾಂಕಿನ ಮೆಸೇಜ್ ಬರುವವರೆಗೆ ಪಾಸ್‌ವರ್ಡ್ ಕೊಡ್ಲೇಬಾರದಿತ್ತು.”

“ಅವನು ನಮ್ಮ ಭಾಷೆ ಮಾತಾಡಿದ ಸುಹೈಬಾ.”

ಸುಹೈಬ್ ತನ್ನ ಮೊಬೈಲ್ ತೆಗೆದ. ಆಮೇಲೆ, ಹೇಳಬೇಕೋ ಬೇಡವೋ ಎಂದುಕೊಂಡು, ಇನ್ನೊಂದು ಗುಂಪಿನಲ್ಲಿ ಓಡಾಡುತ್ತಿದ್ದ ಆಡಿಯೋ ಕೇಳಿಸಿದ. ಹರ್ಷಿತ್ ಗೆಳೆಯರ ಜೊತೆ ನಗುತ್ತಿದ್ದ. “ಸುಳ್ಯದವರನ್ನು ಬೀಳಿಸುದು ಭಾರೀ ಸುಲಭ ಮಾರಾಯ. ನಾಲ್ಕು ಸಾಲು ಅರೆಭಾಷೆ ಬಾಯಿಪಾಠ ಮಾಡಿದ್ರೆ ಆಯ್ತು. ಮುದುಕಿ ಅತ್ತೇಬಿಟ್ಟಳು.” ಅದರ ಬೆನ್ನಿಗೆ ಸೇವಂತಿಯದೇ ದನಿ, ಹಣ ಬರಲಿಲ್ಲವಲ್ಲ ತಮ್ಮಾ ಎಂದು ಅವಳು ಅರೆಭಾಷೆಯಲ್ಲಿ ಬೇಡಿಕೊಂಡದ್ದು. ಆಮೇಲೆ ಮತ್ತೆ ನಗು.

ಐಡಿ ಹೋದಾಗ ಅತ್ತವಳು ಈಗ ಅಳಲಿಲ್ಲ. ಕಿವಿಯವರೆಗೂ ಕೆಂಪಾದಳು.

“ಒಂದು ದಾರಿ ಉಂಟಕ್ಕ,” ಸುಹೈಬ್ ಹೇಳಿದ. “ಐಡಿ ತೆರೆದ ಮೊದಲ ಮೇಲ್ ಇನ್ನೂ ನಿಮ್ಮ ಕೈಯಲ್ಲೇ ಉಂಟು. ಆ ಬೇವರ್ಸಿ ಅದನ್ನು ನೋಡ್ಲಿಲ್ಲ. ಕಂಪನಿಗೆ ಬರೆದರೆ ಒಂದು ಕೋಡ್ ಕೊಡ್ತಾರೆ. ಕೋಡ್ ಹಾಕಿದ ಕೂಡ್ಲೇ ಅವನು ಹೊರಗೆ, ನೀವು ಒಳಗೆ. ಈಗಲೇ ಹಾಕುವ.”

“ಕೋಡ್ ತರಿಸು. ಹಾಕುದು ಬೇಡ.”

“ಅಷ್ಟರಲ್ಲಿ ಅವನು ಆ ಮೇಲನ್ನೂ ಬದಲಾಯಿಸಿದ್ರೆ? ಮತ್ತೆ ಜನ್ಮದಲ್ಲಿ ಸಿಗ್ಲಿಕ್ಕಿಲ್ಲ!”

“ಸಿಗದಿದ್ದರೆ ಬೇಡ. ಮನೆಯಲ್ಲಿ ಕೂತು ಗುಟ್ಟಾಗಿ ತೆಗೆದುಕೊಂಡ್ರೆ ಅವನಿಗೆ ಎಂತ ಆಗ್ತದೆ? ನಾಲ್ಕು ಜನರ ಎದುರು ನನ್ನನ್ನು ನಗೆಪಾಟಲು ಮಾಡಿದ್ದಾನೆ. ಅವನಿಗೂ ನಾಲ್ಕು ಜನ ಬೇಕು.”

ಕೋಡ್ ಬಂತು, ಸೇವಂತಿ ಅದನ್ನು ಹಾಕದೆ ಕಾದಳು. ಬೀಜದ ಸಿಪ್ಪೆ ತೆಗೆಯುವಾಗಲೂ ಅವಳಿಗೆ ಆ ನಗುವೇ ಕೇಳುತ್ತಿತ್ತು. ಕೆಲಸ ಮುಗಿಸಿ ಬಂದವಳೇ ಮೊದಲ ಮೇಲ್ ತನ್ನ ಕೈಯಲ್ಲೇ ಇದೆಯೇ ಎಂದು ನೋಡುತ್ತಿದ್ದಳು. ಇದ್ದರೆ ಅನ್ನ ಇಳಿಯುತ್ತಿತ್ತು. ಆ ಅಯೋಗ್ಯನೋ, ಕದ್ದ ಐಡಿಯಲ್ಲಿ ಮೆರೆಯುತ್ತಿದ್ದ. ಮಳೆಗಾಲ ಕಳೆದ ಮೇಲೆ ಕಡಬದ ಯುವಕ ಮಂಡಲವೊಂದು ಅದೇ ಬಂದೂಕಿನ ಆಟದ ಪಂದ್ಯ ಇಟ್ಟಿತು. ಪೋಸ್ಟರಿನಲ್ಲಿ ಕಪ್ಪು ಕನ್ನಡಕ ಹಾಕಿ ಕೈಕಟ್ಟಿ ನಿಂತವನ ಫೋಟೋ, ಕೆಳಗೆ ‘ಗೇರುಬೀಜ ಖ್ಯಾತಿಯ ಹರ್ಷಿತ್ ಆಲಂಕಾರು’. ಕಳ್ಳಮಾಲಿಗೆ ಖ್ಯಾತಿ ಬೇರೆ!

ಭಾನುವಾರ ಸೇವಂತಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಮೋಕ್ಷಿತಾಳನ್ನು ಎಳೆದುಕೊಂಡು ಕಡಬದ ಬಸ್ಸು ಹತ್ತಿದಳು. ಸಭಾಭವನ ತುಂಬಿತ್ತು. ಆಡುವವರು ವೇದಿಕೆಯ ಮೇಲೆ, ಆಟ ಅವರ ಹಿಂದಿನ ದೊಡ್ಡ ಪರದೆಯ ಮೇಲೆ, ಕಬಡ್ಡಿಗೆ ಹೇಳುವ ಹಾಗೆಯೇ ಮೈಕಿನಲ್ಲಿ ಕಾಮೆಂಟರಿ. ಗೇರುಬೀಜ ಒಬ್ಬೊಬ್ಬರನ್ನೇ ಉರುಳಿಸುತ್ತಿತ್ತು. ಜನ ಹರ್ಷಿತ್‌ನ ಹೆಸರು ಕೂಗುತ್ತಿದ್ದರು.

“ಅಮ್ಮ, ಮನೆಗೆ ಹೋಗುವ. ನಂಗೆ ಹೆದರಿಕೆ ಆಗ್ತದೆ” ಎಂದಳು ಮೋಕ್ಷಿತಾ.

“ಬಾಯಿ ಮುಚ್ಚಿ ಕೂತ್ಕೋ.”

ಕೊನೆಗೆ ಇಬ್ಬರೇ ಉಳಿದರು, ಗೇರುಬೀಜ ಮತ್ತು ಪೊದೆಯಲ್ಲಿ ಅಡಗಿದ್ದ ಇನ್ನೊಬ್ಬ. ಆಗ ಸೇವಂತಿ ಕೋಡ್ ಒತ್ತಿದಳು.

ವೇದಿಕೆಯ ಮೇಲೆ ಹರ್ಷಿತ್‌ನ ಮೊಬೈಲ್ ಅವನನ್ನು ಹೊರದಬ್ಬಿತು. ಪರದೆಯಲ್ಲಿ ಗೇರುಬೀಜ ಕಂಬದ ಹಾಗೆ ನಿಂತಿತು. “ಎಂತ ಮಾರಾಯ್ರೆ, ಗೇರುಬೀಜ ನಿದ್ದೆ ಮಾಡಿತಾ?” ಎಂದು ಕಾಮೆಂಟರಿಯವನು ಕೇಳುತ್ತಿದ್ದಂತೆ ಅದು ಕದಲಿತು. ಹಿಂದಿನ ಸಾಲಿನಲ್ಲಿ ಕೂತವಳ ಹೆಬ್ಬೆರಳು ಆಡಿದ ಹಾಗೆ ಆಡಿತು. ಗೆಲ್ಲುವುದು ಅವಳಿಗೆ ಕಷ್ಟವಿರಲಿಲ್ಲ. ಆದರೆ ಗೆದ್ದರೆ ಬಹುಮಾನದ ಕಪ್ ಆ ಕಳ್ಳನ ಹೆಸರಿಗೆ ಹೋಗುತ್ತಿತ್ತು. ಗೇರುಬೀಜ ಬಂದೂಕು ಕೆಳಗಿಟ್ಟಿತು. ಬಯಲಿಗೆ ಬಂದು, ಸೊಂಟಕ್ಕೆ ಕೈಯಿಟ್ಟು ಕುಣಿಯತೊಡಗಿತು.

ಭವನವೆಲ್ಲ ಹೋ ಎಂದು ನಕ್ಕಿತು. ಹರ್ಷಿತ್ ಎದ್ದು ನಿಂತು ಮೊಬೈಲನ್ನು ಎಲ್ಲರಿಗೂ ತೋರಿಸುತ್ತ ಕಿರುಚಿದ. “ನಾನಲ್ಲ! ನಾನಲ್ಲ ಆಡುದು!”

ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಅಂದರೆ ಇದೇ. “ನೀವಲ್ಲದಿದ್ದರೆ ಮತ್ತೆ ಯಾರು?” ಎಂದ ಕಾಮೆಂಟರಿಯವನು. ಪೊದೆಯಲ್ಲಿದ್ದವನು ಒಂದೇ ಗುಂಡಿಗೆ ಕುಣಿತ ನಿಲ್ಲಿಸಿದ.

“ನಾನು” ಎಂದು ಸೇವಂತಿ ಎದ್ದಳು.

ಜನ ದಾರಿ ಬಿಟ್ಟರು. ವೇದಿಕೆ ಹತ್ತಿ, ಮೈಕ್ ಕಸಿದುಕೊಂಡು, ಮೊಬೈಲಿನಲ್ಲಿ ತನ್ನ ಐಡಿ ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು. ಆಮೇಲೆ ಸುಹೈಬ್‌ನಿಂದ ತರಿಸಿಕೊಂಡ ಆಡಿಯೋ ಹಾಕಿದಳು. ಸುಳ್ಯದವರನ್ನು ಬೀಳಿಸುದು ಭಾರೀ ಸುಲಭ ಎಂಬ ಮಾತು ಸ್ಪೀಕರಿನಲ್ಲಿ ಮೊಳಗಿದಾಗ ಯಾರೂ ನಗಲಿಲ್ಲ. ಕೇಳುತ್ತ ಕೂತವರಲ್ಲಿ ಅರ್ಧ ಜನ ಸುಳ್ಯದ ಕಡೆಯವರು. ನಡುವಿನ ಸಾಲಿನಿಂದ ಒಬ್ಬ ಎದ್ದ. “ನನ್ನ ಐಡಿಯನ್ನೂ ಹೀಗೇ ಹಾರಿಸಿದ್ದು ಇವನೇ!” ಗೋಡೆಯ ಬದಿಯಿಂದ ಇನ್ನೊಬ್ಬ ಎದ್ದ.

ಮಂಡಲದ ಅಧ್ಯಕ್ಷ ಗುರುವಪ್ಪ ಓಡಿ ಬಂದ. “ಐಡಿ ಸಿಕ್ಕಿತಲ್ಲ ಅಕ್ಕ, ಒಳಗೆ ಕೂತು ಮಾತಾಡಿ ಮುಗಿಸುವ.”

“ಮುಗಿಸುವ. ಇವನು ತಪ್ಪಾಯ್ತು ಅಂತ ಹೇಳಲಿ. ಇಲ್ಲೇ, ಅರೆಭಾಷೆಯಲ್ಲೇ.”

ಹರ್ಷಿತ್ ಮೈಕ್ ಹಿಡಿದ. ಬಾಯಿ ತೆರೆದ. ಅವನಲ್ಲಿದ್ದದ್ದು ಬೀಳಿಸಲು ಕಲಿತ ನಾಲ್ಕು ಸಾಲು, ಅದರಲ್ಲಿ ತಪ್ಪು ಒಪ್ಪಿಕೊಳ್ಳುವ ಮಾತು ಒಂದೂ ಇರಲಿಲ್ಲ. ತುಳುವಿನಲ್ಲಿ ಏನೋ ತೊದಲಿದ. “ಅರೆಭಾಷೆ!” ಎಂದು ಮುಂದಿನ ಸಾಲಿನವರು ಗದರಿದರು. ಅವನ ಕಣ್ಣಲ್ಲಿ ನೀರು ಬಂತು. ಗುರುವಪ್ಪ ಮೈಕ್ ತೆಗೆದುಕೊಳ್ಳಲು ಕೈ ಚಾಚಿದಾಗ ಸೇವಂತಿ ಆ ಕೈ ತಳ್ಳಿದಳು. ಕುರ್ಚಿಯೊಂದನ್ನು ಎಳೆದು ಹರ್ಷಿತ್‌ನ ಎದುರು ಹಾಕಿ, ಸೆರಗು ಸರಿಪಡಿಸಿಕೊಂಡು ಕೂತಳು.

“ಒಂದೊಂದೇ ಶಬ್ದ ಹೇಳಿಕೊಡ್ತೇನೆ, ನನ್ನ ಹಿಂದೆಯೇ ಹೇಳು” ಎಂದಳು. “ಸರಿಯಾಗುವವರೆಗೆ ಹೇಳು. ಪುತ್ತೂರಿನ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತುಂಟು.”